ಚವಿಟ್ಟಿ, ಕಾಲೊರಸು, ಕಾರ್ ಮ್ಯಾಟ್: ನಾರಿನಿಂದ ರಬ್ಬರ್‌ವರೆಗೆ

ಈ ಸಲದ ಮಾತುಕತೆಯ ಬರಹ ರೂಪ ಇದು. ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರಿಗೆ, ಓದೋದೇ ಇಷ್ಟ ಅನ್ನೋರಿಗೆ.

ಮೇ ತಿಂಗಳ ಕೊನೆ ಬಂತು ಅಂದ್ರೆ ಕಾಕ್ಕನಾಡಿನಲ್ಲಿರಲಿ, ಕಳಕ್ಕೂಟ್ಟಂನಲ್ಲಿರಲಿ, ಕಾರಿಟ್ಟುಕೊಂಡಿರೋ ಕನ್ನಡದವರ ನಡುವೆ ಒಂದು ಮಾತು ಬಂದೇ ಬರತ್ತೆ: “ಮಳೆಗಾಲಕ್ಕೆ ಯಾವ ಮ್ಯಾಟ್ ಹಾಕ್ಸೋದು?” ಬೆಂಗಳೂರಿನಿಂದ ತಂದ ಕಾರಿನಲ್ಲಿ ಕಾರ್ಪೆಟ್ ಮ್ಯಾಟ್ ಇರತ್ತೆ. ಅಲ್ಲಿ ಅದಕ್ಕಿದ್ದ ಶತ್ರು ಧೂಳು. ಇಲ್ಲಿ ಹಾಗಲ್ಲ. ಜೂನ್‌ನಲ್ಲಿ ಎಡವಪ್ಪಾತಿ, ಅಂದ್ರೆ ನಮ್ಮ ಮುಂಗಾರು. ಅಕ್ಟೋಬರ್–ನವೆಂಬರ್‌ನಲ್ಲಿ ತುಲಾವರ್ಷ, ನಮ್ಮ ಹಿಂಗಾರು. ನಡುವೆ ಸಿಗೋ ಬಿಸಿಲಲ್ಲೂ ಗಾಳಿ ತುಂಬ ತೇವ, ಕಡಲ ಕಡೆ ಹೋದ್ರೆ ಉಪ್ಪು, ಮರಳು. ಕಾರ್ಪೆಟ್ ಮ್ಯಾಟ್ ಒಮ್ಮೆ ನೆನೆದರೆ ವಾರವಾದ್ರೂ ಒಣಗಲ್ಲ. ಆಮೇಲೆ ಬಾಗಿಲು ತೆಗೆದ್ರೆ ಒದ್ದೆ ನಾಯಿಯ ವಾಸನೆ.

ಹಾಗಾಗಿ “ಆಲ್ ವೆದರ್” ಮ್ಯಾಟ್ ಹುಡುಕೋದು. ನಾನು ಈ ವಸ್ತುವಿನ ಬೆನ್ನು ಹತ್ತಿ ಹೋದಾಗ ಕಂಡದ್ದೇನಂದ್ರೆ, ಕಾಲಿನ ಕೆಸರು ತಡೆಯೋಕೆ ಲೋಕ ಬಳಸಿದ ಎರಡು ದೊಡ್ಡ ವಸ್ತುಗಳು ತೆಂಗಿನ ನಾರು ಮತ್ತು ರಬ್ಬರ್. ಎರಡರ ಕಥೆಯೂ ನಾವೀಗ ಬಾಡಿಗೆ ಕಟ್ಟಿಕೊಂಡಿರೋ ಈ ನೆಲದಲ್ಲೇ ಇದೆ.

ತುಂಬ ಅಂದ್ರೆ ತುಂಬೆ

ತಿರುವನಂತಪುರದವರಿಂದಲೇ ಶುರು ಮಾಡೋಣ. ಟೆಕ್ನೋಪಾರ್ಕ್ ಬದಿಯ ತುಂಬ ಅನ್ನೋ ಊರಿನ ಹೆಸರು ಕೇಳಿ “ತುಂಬಾ ಏನು?” ಅಂತ ತಮಾಷೆ ಮಾಡದ ಕನ್ನಡಿಗ ಇಲ್ಲ. ಮಲಯಾಳದಲ್ಲಿ ತುಂಬ ಅಂದ್ರೆ ನಮ್ಮ ತುಂಬೆ ಗಿಡ. ನಾವು ಶಿವನಿಗೆ ಏರಿಸೋ ಆ ಪುಟ್ಟ ಬಿಳಿ ಹೂವನ್ನೇ ಇವರು ಓಣಂ ಪೂಕ್ಕಳಕ್ಕೆ ಇಡೋದು. 1963ರ ನವೆಂಬರ್ 21ರಂದು ಇಲ್ಲಿಂದ ಭಾರತದ ಮೊದಲ ಸೌಂಡಿಂಗ್ ರಾಕೆಟ್ ಹಾರಿತು. ಮೇರಿ ಮ್ಯಾಗ್ಡಲೀನ್ ಚರ್ಚು ಆಫೀಸಾಯಿತು, ರಾಕೆಟ್ಟಿನ ಭಾಗ ಸೈಕಲ್ ಮೇಲೆ ಬಂತು. ಈ ಕಥೆ ನಿಮಗೆಲ್ಲ ಗೊತ್ತು.

ರಾಕೆಟ್ಟಿಗೂ ಮೊದಲು ಈ ಕರಾವಳಿಗೆ ಇದ್ದ ಕಸುಬು ಮೀನು ಮತ್ತು ನಾರು. ತುಂಬದಿಂದ ಕಡಲ ಪಕ್ಕದ ರಸ್ತೆ ಹಿಡಿದು ಉತ್ತರಕ್ಕೆ ಹೋದ್ರೆ ಕಠಿನಂಕುಳಂ ಕಾಯಲು ಸಿಗತ್ತೆ. ಇನ್ನೂ ಮುಂದೆ ಅಂಜುತೆಂಗು. “ಐದು ತೆಂಗು” ಅನ್ನೋ ಹೆಸರಿನ ಈ ಊರಲ್ಲಿ ಈಸ್ಟ್ ಇಂಡಿಯಾ ಕಂಪನಿ 1690ರ ದಶಕದಲ್ಲಿ ಕೋಟೆ ಕಟ್ಟಿತು. ಇಂಗ್ಲಿಷರ ಬಾಯಲ್ಲಿ ಅದು ಅಂಜೆಂಗೋ ಆಯ್ತು. ಇವತ್ತಿಗೂ ನಾರಿನ ಹುರಿಯ ಒಂದು ಒಳ್ಳೆ ದರ್ಜೆಯ ಹೆಸರು “ಅಂಜೆಂಗೋ”. ಊರು ಚಿಕ್ಕದಾಗಿ ಉಳಿದರೂ ಹೆಸರು ಮಾರುಕಟ್ಟೆಯಲ್ಲಿ ಓಡಾಡ್ತಾ ಇದೆ.

ಇಂಗ್ಲಿಷಿನ “ಕಾಯರ್” ಕೂಡ ಮಲಯಾಳದ “ಕಯರ್”, ಅಂದ್ರೆ ಹಗ್ಗ ಅನ್ನೋ ಮಾತಿನಿಂದ ಹೋದದ್ದು. ಬಾಗಿಲ ಮುಂದಿನ ಮ್ಯಾಟಿಗೆ ಇವರು “ಚವಿಟ್ಟಿ” ಅಂತಾರೆ, ತುಳಿಯೋ ವಸ್ತು ಅಂತ. ನಾವು “ಕಾಲೊರಸು” ಅಂತೀವಿ. ಒಬ್ಬರು ತುಳಿತಾರೆ, ಇನ್ನೊಬ್ಬರು ಒರೆಸ್ತಾರೆ. ಮ್ಯಾಟಿನ ಎರಡು ಕೆಲಸ ಎರಡು ಭಾಷೆಯಲ್ಲಿ ಹಂಚಿಹೋಗಿದೆ. ಇದಕ್ಕೆ ಮೂರನೇ ಕೆಲಸವೂ ಒಂದಿದೆ. ಅದು ಆಮೇಲೆ.

ಕಾಯಲಿನಲ್ಲಿ ಕೊಳೆಯೋ ಸಿಪ್ಪೆ

ತಿಪಟೂರು, ಅರಸೀಕೆರೆ ಕಡೆಯವರಿಗೆ ಒಂದು ಪ್ರಶ್ನೆ ಬರಬಹುದು. ತೆಂಗು ನಮ್ಮಲ್ಲೂ ಇದೆ, ನಾರೂ ಇದೆ, ಆದ್ರೆ ಲೋಕಕ್ಕೆ ಮ್ಯಾಟ್ ಮಾರಿದ್ದು ಆಲಪ್ಪುಳ ಯಾಕೆ? ಉತ್ತರ ಅಟ್ಟದ ಮೇಲಿದೆ. ನಮ್ಮ ಕಡೆ ಕಾಯಿಯನ್ನ ಸಿಪ್ಪೆ ಸಮೇತ ತಿಂಗಳುಗಟ್ಟಲೆ ಅಟ್ಟದಲ್ಲಿ ಇಟ್ಟು ಉಂಡೆ ಕೊಬ್ಬರಿ ಮಾಡ್ತಾರೆ. ಅಷ್ಟರಲ್ಲಿ ಸಿಪ್ಪೆ ಪೂರ್ತಿ ಒಣಗಿರತ್ತೆ. ಅದರಿಂದ ಬರೋದು ಒರಟಾದ ಕಂದು ನಾರು. ಕೇರಳದ ಕರಾವಳಿಯಲ್ಲಿ ಹಸಿ ಸಿಪ್ಪೆಯನ್ನ ಕಾಯಲಿನ ಸವಳು ನೀರಿನಲ್ಲಿ ಆರು ತಿಂಗಳಿಂದ ಹತ್ತು ತಿಂಗಳವರೆಗೆ ಮುಳುಗಿಸಿ ಇಡ್ತಿದ್ರು. ನಾರುಗಳನ್ನ ಅಂಟಿಸಿಕೊಂಡಿರೋ ಪೆಕ್ಟಿನ್‌ ಅನ್ನ ಸೂಕ್ಷ್ಮಜೀವಿಗಳು ತಿಂದು ಸಡಿಲ ಮಾಡತ್ವೆ. ಆಮೇಲೆ ಹೊರಗೆ ತೆಗೆದು, ಮರದ ಕೋಲಿನಿಂದ ಬಡಿದು, ತೊಳೆದರೆ ಹೊಂಬಣ್ಣದ, ಹೊಸೆಯೋಕೆ ಬರೋ ನಾರು ಸಿಗತ್ತೆ. ಇದಕ್ಕೆ ಬಿಳಿ ನಾರು ಅಂತ ಹೆಸರು.

ಎಂಜಿನಿಯರ್ ಕಣ್ಣಲ್ಲಿ ನೋಡಿದ್ರೆ ಇದು ಅದ್ಭುತ ವಸ್ತು. ಲಿಗ್ನಿನ್ ಅಂಶ ಜಾಸ್ತಿ ಇರೋದರಿಂದ ನೀರಿನಲ್ಲಿ ಬೇಗ ಕೊಳೆಯಲ್ಲ, ಉಪ್ಪುನೀರಿಗೂ ಜಗ್ಗಲ್ಲ. ಹಡಗಿನ ಹಗ್ಗಕ್ಕೆ ಇದನ್ನ ಬಳಸ್ತಿದ್ದದ್ದು ಅದಕ್ಕೇ. ಮನುಷ್ಯನ ಕಣ್ಣಲ್ಲಿ ನೋಡಿದ್ರೆ ಕಥೆ ಬೇರೆ. ಕೊಳೆತ ಸಿಪ್ಪೆಯ ಗಬ್ಬುವಾಸನೆಯಲ್ಲಿ ಇಡೀ ದಿನ ಕೂತು ಬಡಿದವರು, ರಾಟೆಯ ಮುಂದೆ ಹಿಂದೆ ಮುಂದೆ ನಡೆದು ಹುರಿ ಹೊಸೆದವರು ಹೆಚ್ಚಿನವರೂ ಹೆಂಗಸರು. ಹಳೇ ಮ್ಯಾಟಿನ ಒಂದೊಂದು ಎಳೆಯೂ ಒಬ್ಬರ ಅಂಗೈ ಮೇಲೆ ಹೊರಳಿ ಬಂದದ್ದು.

ಆಲಪ್ಪುಳದ ಕಾರ್ಖಾನೆ

ಕೊಚ್ಚಿಯವರು ಒಂದು ಭಾನುವಾರ ಆಲಪ್ಪುಳಕ್ಕೆ ಹೋದಾಗ ಹೌಸ್‌ಬೋಟ್ ಬಿಟ್ಟು ಬೇರೆ ಏನಾದ್ರೂ ನೋಡಬೇಕು ಅಂದ್ರೆ, ಕಲವೂರಿನಲ್ಲಿ ಕಾಯರ್ ಮ್ಯೂಸಿಯಂ ಇದೆ. ಆಲಪ್ಪುಳ ಬಂದರು ಬೆಳೆದದ್ದು 18ನೇ ಶತಮಾನದಲ್ಲಿ, ತಿರುವಾಂಕೂರಿನ ದಿವಾನ ರಾಜಾ ಕೇಶವದಾಸನ ಕಾಲದಲ್ಲಿ. ಕಾಲುವೆ ತೋಡಿ ಒಳನಾಡಿನ ಸರಕನ್ನ ಕಡಲಿಗೆ ಸೇರಿಸಿದ್ರು. 1859ರಲ್ಲಿ ಜೇಮ್ಸ್ ಡಾರಾ ಅನ್ನೋ ಐರಿಷ್ ಮೂಲದ ಅಮೆರಿಕನ್, ಹೆನ್ರಿ ಸ್ಮೇಲ್ ಜೊತೆ ಸೇರಿ ಇಲ್ಲಿ ಡಾರಾ ಸ್ಮೇಲ್ ಕಂಪನಿ ಶುರು ಮಾಡಿದ. ಮಗ್ಗದ ಮೇಲೆ ನಾರಿನ ಮ್ಯಾಟ್, ಮ್ಯಾಟಿಂಗ್ ನೇಯೋ ಭಾರತದ ಮೊದಲ ಕಾರ್ಖಾನೆ ಅದು. ಹಿಂದೆಯೇ ಬೇರೆ ಕಂಪನಿಗಳೂ ಬಂದ್ವು. ಬಿಯೆನಾಲೆ ನೋಡೋಕೆ ನೀವು ಹೋಗೋ ಫೋರ್ಟ್ ಕೊಚ್ಚಿಯ ಆಸ್ಪಿನ್‌ವಾಲ್ ಹೌಸ್ ಇದೆಯಲ್ಲ, ಆ ಕಂಪನಿಯ ವ್ಯಾಪಾರದ ಸರಕಿನಲ್ಲೂ ಮೆಣಸು, ಕಾಫಿ ಜೊತೆ ನಾರು ಇತ್ತು.

ಹೀಗೆ ಲಂಡನ್, ನ್ಯೂಯಾರ್ಕಿನ ಮನೆಬಾಗಿಲಲ್ಲಿ ಹಿಮ, ಕೆಸರು ಒರೆಸಿಕೊಳ್ಳೋ ಮ್ಯಾಟಿನ ಹಿಂದೆ ಆಲಪ್ಪುಳದ ಮಗ್ಗ ನಿಂತಿತು. ಆ ಮಗ್ಗದ ಮುಂದಿದ್ದವರು 1922ರಲ್ಲಿ ತಿರುವಾಂಕೂರ್ ಲೇಬರ್ ಅಸೋಸಿಯೇಷನ್ ಕಟ್ಟಿದ್ರು. 1938ರಲ್ಲಿ ದೊಡ್ಡ ಮುಷ್ಕರ ನಡೆಯಿತು. 1946ರ ಅಕ್ಟೋಬರಿನಲ್ಲಿ ಪುನ್ನಪ್ರ ಮತ್ತು ವಯಲಾರಿನಲ್ಲಿ, ದಿವಾನ್ ಸಿ.ಪಿ. ರಾಮಸ್ವಾಮಿ ಅಯ್ಯರ್ ಆಡಳಿತದ ವಿರುದ್ಧ ಎದ್ದ ನಾರಿನ ಕಾರ್ಮಿಕರು, ಮೀನುಗಾರರು, ಶೇಂದಿ ಇಳಿಸೋರ ಮೇಲೆ ಗುಂಡು ಹಾರಿತು. ನೂರಾರು ಜನ ಸತ್ತರು. ಸ್ವಾತಂತ್ರ್ಯದ ನಂತರ, 1953ರ ಕಾಯಿದೆಯ ಮೇಲೆ ಕಾಯರ್ ಬೋರ್ಡ್ ಬಂತು. ಅದರ ಮುಖ್ಯ ಕಚೇರಿ ಕೊಚ್ಚಿಯಲ್ಲೇ ಇದೆ. ಕೇರಳದ ರಾಜಕೀಯ ಯಾಕೆ ಹೀಗಿದೆ ಅಂತ ಆಫೀಸ್ ಊಟದ ಮೇಜಿನಲ್ಲಿ ಆಗಾಗ ಮಾತಾಡ್ತೀವಲ್ಲ, ಅದಕ್ಕೆ ಉತ್ತರದ ಒಂದು ಭಾಗ ಈ ಕಾಲೊರಸಿನಲ್ಲಿದೆ.

ಹವಾಮಾನಕ್ಕೆ ಹೆದರುತ್ತಿದ್ದ ರಬ್ಬರ್

ಈಗ ಎರಡನೇ ವಸ್ತು. “ಆಲ್ ವೆದರ್” ಅಂದ್ರೆ ಇವತ್ತು ರಬ್ಬರ್ ನೆನಪಾಗತ್ತೆ. ಆದ್ರೆ ಮೊದಮೊದಲು ಹವಾಮಾನಕ್ಕೆ ಅತಿ ಹೆಚ್ಚು ಹೆದರುತ್ತಿದ್ದದ್ದು ರಬ್ಬರೇ. ಬೇಸಿಗೆಯಲ್ಲಿ ಅಂಟಂಟಾಗಿ ಕರಗೋದು, ಚಳಿಯಲ್ಲಿ ಗಟ್ಟಿಯಾಗಿ ಸೀಳೋದು. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ರಬ್ಬರಿಗೆ ಗಂಧಕ ಸೇರಿಸಿ ಕಾಯಿಸಿದರೆ ಅದು ಹದವಾಗಿ ನಿಲ್ಲತ್ತೆ ಅಂತ ಕಂಡುಕೊಂಡ. ಅದೇ ವಲ್ಕನೈಸೇಷನ್. ಗಂಧಕ ರಬ್ಬರಿನ ಉದ್ದುದ್ದ ಅಣುಸರಪಳಿಗಳ ನಡುವೆ ಗಂಟು ಹಾಕತ್ತೆ, ಅಷ್ಟೇ. ಇವತ್ತಿನ ಟೈರು, ಮ್ಯಾಟು ಎರಡೂ ಆ ಗಂಟಿನ ಮೇಲೆ ನಿಂತಿವೆ.

ಮರ ಬ್ರೆಜಿಲ್‌ನದು. 1876ರಲ್ಲಿ ಹೆನ್ರಿ ವಿಕ್ಹಮ್ ಅಮೆಜಾನ್ ಕಡೆಯಿಂದ ಸುಮಾರು 70,000 ಬೀಜಗಳನ್ನ ಲಂಡನ್ನಿನ ಕ್ಯೂ ತೋಟಕ್ಕೆ ಸಾಗಿಸಿದ. ಅಲ್ಲಿ ಮೊಳೆತ ಸಸಿಗಳು ಸಿಲೋನಿಗೆ ಬಂದ್ವು. ಭಾರತದಲ್ಲಿ ವ್ಯಾಪಾರಕ್ಕೆ ಅಂತ ಮೊದಲ ರಬ್ಬರ್ ತೋಟ ಎದ್ದದ್ದು 1902ರಲ್ಲಿ, ಪೆರಿಯಾರ್ ದಡದ ತಟ್ಟೇಕಾಡಿನಲ್ಲಿ. ಹೌದು, ಕೊಚ್ಚಿಯವರು ಹಕ್ಕಿ ನೋಡೋಕೆ ಹೋಗೋ ಅದೇ ತಟ್ಟೇಕಾಡು. ಅದಾದ ಮೇಲೆ ಜೆ.ಜೆ. ಮರ್ಫಿ ಅನ್ನೋ ಐರಿಷ್ ತೋಟಗಾರ ಮುಂಡಕ್ಕಯಂ ಹತ್ತಿರ ಏಂದಯಾರ್‌ನಲ್ಲಿ ದೊಡ್ಡ ತೋಟ ಮಾಡಿದ. ಕೋಟ್ಟಯಂ ಸೀಮೆ ಪೂರ್ತಿ ರಬ್ಬರ್ ಆಯ್ತು. 1947ರ ಕಾಯಿದೆಯಿಂದ ಬಂದ ರಬ್ಬರ್ ಬೋರ್ಡಿನ ಕಚೇರಿ ಕೋಟ್ಟಯಂನಲ್ಲಿರೋದು ಅದಕ್ಕೇ.

ನಮ್ಮ ಕಡೆಗೂ ಇದರ ಒಂದು ಎಳೆ ಬಂದಿದೆ. ಸುಳ್ಯ, ಪುತ್ತೂರಿನ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ಹಾಲು ಇಳಿಸೋರಲ್ಲಿ ತುಂಬ ಜನ ಸಿಲೋನಿನಿಂದ ಬಂದ ತಮಿಳರ ಕುಟುಂಬದವರು. 1964ರ ಶಾಸ್ತ್ರಿ–ಸಿರಿಮಾವೋ ಒಪ್ಪಂದದ ಮೇಲೆ ಬಂದವರು. ಬೀಜ ಬಂದ ದಾರಿಯಲ್ಲೇ ಮನುಷ್ಯರೂ ಬಂದ್ರು, ಅದೂ ತಮ್ಮ ಮಾತು ಯಾರೂ ಕೇಳದೇ.

ಮತ್ತೆ ತುಂಬಕ್ಕೆ ಬನ್ನಿ. ಇಲ್ಲಿನ ವಿಕ್ರಂ ಸಾರಾಭಾಯಿ ಕೇಂದ್ರ ಬೆಳೆಸಿದ ಘನ ಇಂಧನದಲ್ಲಿ ಪುಡಿಗಳನ್ನ ಹಿಡಿದಿಡೋ ಅಂಟು ಎಚ್‌ಟಿಪಿಬಿ. ಅದೂ ರಬ್ಬರ್ ಜಾತಿಯದೇ, ಕೃತಕ ರಬ್ಬರ್. ರಬ್ಬರಿನ ಹಳೇ ಹೆದರಿಕೆ ಪೂರ್ತಿ ಹೋಗಿಲ್ಲ ಅನ್ನೋದಕ್ಕೂ ಸಾಕ್ಷಿ ರಾಕೆಟ್ ಲೋಕದಲ್ಲೇ ಇದೆ. 1986ರ ಜನವರಿ 28ರಂದು ಚಾಲೆಂಜರ್ ಸಿಡಿದದ್ದು, ಚಳಿಗೆ ಬಿಗಿದುಕೊಂಡ ರಬ್ಬರ್ ಉಂಗುರಗಳು ಬಿಸಿ ಅನಿಲವನ್ನ ತಡೆಯಲಾಗದೇ ಹೋದದ್ದರಿಂದ. ತನಿಖೆಯಲ್ಲಿ ರಿಚರ್ಡ್ ಫೈನ್‌ಮನ್ ಅದೇ ರಬ್ಬರಿನ ತುಂಡನ್ನ ಐಸ್ ನೀರಿನಲ್ಲಿ ಅದ್ದಿ ತೋರಿಸಿದ್ದು ನಿಮಗೆ ನೆನಪಿರಬಹುದು. “ಎಲ್ಲ ಹವಾಮಾನಕ್ಕೂ” ಅಂತ ಡಬ್ಬಿ ಮೇಲೆ ಬರೆದ ಮಾತ್ರಕ್ಕೆ ವಸ್ತು ಒಪ್ಪಿಕೊಳ್ಳಲ್ಲ.

ಕಾರಿನೊಳಗೆ ಬಂದದ್ದು

ಶುರುವಿನ ಕಾರುಗಳ ನೆಲ ಮರದ ಹಲಗೆ, ಮೇಲೆ ರಬ್ಬರಿನ ಹಾಸು. ಕೆಸರಾದ್ರೆ ಎತ್ತಿ ತೊಳಿ, ಮುಗೀತು. ಕಾರು ಮನೆಯ ಹಜಾರದ ಥರ ಆಗ್ತಾ ಹೋದಂತೆ ನೆಲಕ್ಕೆ ಕಾರ್ಪೆಟ್ ಬಂತು. ಆ ಕಾರ್ಪೆಟ್ ಕಾಪಾಡೋಕೆ ಅದರ ಮೇಲೊಂದು ಮ್ಯಾಟ್ ಬೇಕಾಯ್ತು. 1950–60ರ ದಶಕದಲ್ಲಿ ಪೋರ್ಷೆ, ಫೋಕ್ಸ್‌ವ್ಯಾಗನ್ ಕಾರುಗಳಿಗೆ ಜನ ಇಷ್ಟಪಟ್ಟು ಹಾಕಿಸ್ತಿದ್ದದ್ದು ತೆಂಗಿನ ನಾರಿನ ಮ್ಯಾಟ್. ಹಳೇ ಕಾರು ಜೋಪಾನ ಮಾಡೋರು ಇವತ್ತಿಗೂ ಅದನ್ನೇ ಹುಡುಕ್ತಾರೆ. 1989ರಲ್ಲಿ ಅಮೆರಿಕದ ಡೇವಿಡ್ ಮ್ಯಾಕ್‌ನೀಲ್ ಇಂಗ್ಲೆಂಡಿನಿಂದ ರಬ್ಬರ್ ಮ್ಯಾಟ್ ತರಿಸಿ ಮಾರೋಕೆ ಶುರು ಮಾಡಿದ. ಅದೇ ಮುಂದೆ ವೆದರ್‌ಟೆಕ್ ಆಯ್ತು. ಒಂದೊಂದು ಮಾಡೆಲ್ಲಿನ ನೆಲದ ಅಳತೆ ತೆಗೆದು, ಅಂಚು ಎತ್ತರಿಸಿ ತಟ್ಟೆಯ ಥರ ಅಚ್ಚು ಹಾಕಿದ ಮ್ಯಾಟ್ ಇವತ್ತು ಎಲ್ಲ ಕಡೆ ಸಿಗತ್ತೆ.

ಈಗ ಮೂರನೇ ಕೆಲಸದ ಮಾತು. ಮ್ಯಾಟ್ ಕೆಸರು ಹಿಡೀಬೇಕು, ನೀರು ಹಿಡೀಬೇಕು. ಇವೆರಡೂ ಬಾಗಿಲ ಮುಂದಿನ ಮ್ಯಾಟಿಗೂ ಇರೋ ಕೆಲಸ. ಆದ್ರೆ ಕಾರಿನ ಮ್ಯಾಟಿನ ಮುಂದೆ ಮೂರು ಪೆಡಲ್ ಇವೆ. ಅದು ಇದ್ದಲ್ಲೇ ಇರಬೇಕು.

2009, ಸ್ಯಾನ್ ಡಿಯೇಗೊ

2009ರ ಆಗಸ್ಟ್ 28. ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೇಗೊ ಹತ್ತಿರ ಒಬ್ಬ ಹೆದ್ದಾರಿ ಪೊಲೀಸ್ ಅಧಿಕಾರಿ, ಡ್ಯೂಟಿ ಇಲ್ಲದ ಹೊತ್ತಲ್ಲಿ, ಮನೆಯವರ ಜೊತೆ ಹೊರಟಿದ್ದ. ಅವನ ಕಾರು ಸರ್ವಿಸ್‌ನಲ್ಲಿತ್ತು, ಡೀಲರ್ ಕೊಟ್ಟ ಬದಲಿ ಲೆಕ್ಸಸ್ ಇಎಸ್ 350 ಓಡಿಸ್ತಿದ್ದ. ಅದರಲ್ಲಿ ಹಾಕಿದ್ದದ್ದು ಆಲ್ ವೆದರ್ ಮ್ಯಾಟ್, ಆದ್ರೆ ಆ ಕಾರಿಗಾಗಿ ಮಾಡಿದ್ದಲ್ಲ, ಅದೇ ಕಂಪನಿಯ ಒಂದು ಎಸ್‌ಯುವಿಯದು. ಕ್ಲಿಪ್ಪಿಗೂ ಸಿಗಿಸಿರಲಿಲ್ಲ. ಆಕ್ಸಿಲರೇಟರ್ ಮ್ಯಾಟಿನ ಅಂಚಿಗೆ ಸಿಕ್ಕಿಹಾಕಿಕೊಂಡಿತು. ಕಾರು ಗಂಟೆಗೆ 160 ಕಿಲೋಮೀಟರ್ ದಾಟಿತು. ಒಳಗಿದ್ದವರಲ್ಲಿ ಒಬ್ಬರು ತುರ್ತು ಸಂಖ್ಯೆಗೆ ಫೋನ್ ಮಾಡಿ ಮಾತಾಡ್ತಿರುವಾಗಲೇ ಅಪಘಾತವಾಯ್ತು. ನಾಲ್ಕೂ ಜನ ಸತ್ತರು.

ಇದರಲ್ಲಿ ನನ್ನನ್ನ ಕಾಡೋದು ಎರಡು ವಿಷಯ. ಒಂದು, ಅದೇ ಕಾರನ್ನ ಅದಕ್ಕೆ ಕೆಲವೇ ದಿನ ಮುಂಚೆ ತಗೊಂಡುಹೋಗಿದ್ದ ಇನ್ನೊಬ್ಬ ಗ್ರಾಹಕನಿಗೂ ಪೆಡಲ್ ಹೀಗೇ ಸಿಕ್ಕಿಕೊಂಡಿತ್ತು. ಅವನು ವಾಪಸ್ ಕೊಡುವಾಗ ಡೀಲರ್‌ನ ಸ್ವಾಗತದ ಮೇಜಿನಲ್ಲಿ ಹೇಳಿದ್ದ. ಮಾತು ಅಲ್ಲೇ ನಿಂತಿತು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಬಗ್ ರಿಪೋರ್ಟ್ ಬಂದಿತ್ತು, ಟಿಕೆಟ್ ತೆರೆಯಲಿಲ್ಲ. ಎರಡು, 2007ರಲ್ಲೇ ಟೊಯೋಟಾ ಸುಮಾರು 55,000 ಆಲ್ ವೆದರ್ ಮ್ಯಾಟುಗಳನ್ನ ಇದೇ ಕಾರಣಕ್ಕೆ ವಾಪಸ್ ಕರೆದಿತ್ತು.

ಅಪಘಾತ ಆದ ತಿಂಗಳ ನಂತರ ಟೊಯೋಟಾ ಅಮೆರಿಕದಲ್ಲಿ 38 ಲಕ್ಷ ಕಾರುಗಳ ಮಾಲೀಕರಿಗೆ ಚಾಲಕನ ಕಡೆಯ ಮ್ಯಾಟ್ ತೆಗೆದುಬಿಡಿ ಅಂತ ಹೇಳಿತು. ತಪ್ಪು ಸಾಫ್ಟ್‌ವೇರಿನದಾ ಅನ್ನೋ ಅನುಮಾನಕ್ಕೆ ಅಮೆರಿಕ ಸರ್ಕಾರ ನಾಸಾದ ಎಂಜಿನಿಯರುಗಳನ್ನೇ ಕರೆಸಿತು. 2011ರ ಫೆಬ್ರವರಿಯಲ್ಲಿ ಬಂದ ವರದಿಯಲ್ಲಿ, ಅಂಥ ಎಲೆಕ್ಟ್ರಾನಿಕ್ ದೋಷ ಸಿಗಲಿಲ್ಲ ಅಂತ ಇತ್ತು. ಚರ್ಚೆ ಅಲ್ಲಿಗೆ ಮುಗೀಲಿಲ್ಲ. 2013ರಲ್ಲಿ ಒಕ್ಲಹೋಮಾದ ಬೇರೊಂದು ಕ್ಯಾಮ್ರಿ ಪ್ರಕರಣದಲ್ಲಿ ಥ್ರಾಟಲ್ ಕೋಡಿನ ಗುಣಮಟ್ಟದ ಬಗ್ಗೆ ತಜ್ಞರ ಸಾಕ್ಷ್ಯ ಕೇಳಿದ ಜ್ಯೂರಿ ಟೊಯೋಟಾ ವಿರುದ್ಧ ತೀರ್ಪು ಕೊಟ್ಟಿತು. ಎಂಬೆಡೆಡ್ ಕೆಲಸ ಮಾಡೋ ಗೆಳೆಯರು ಅದನ್ನ ಓದಲೇಬೇಕು. 2014ರಲ್ಲಿ, ಸುರಕ್ಷತೆಯ ವಿಷಯದಲ್ಲಿ ಗ್ರಾಹಕರನ್ನ ದಾರಿ ತಪ್ಪಿಸಿದ್ದಕ್ಕಾಗಿ ಕಂಪನಿ 120 ಕೋಟಿ ಡಾಲರ್ ದಂಡ ಕಟ್ಟಲು ಒಪ್ಪಿತು. ಬ್ರೇಕ್ ಒತ್ತಿದ್ರೆ ಆಕ್ಸಿಲರೇಟರನ್ನ ಕಡೆಗಣಿಸೋ ಬ್ರೇಕ್ ಓವರ್‌ರೈಡ್ ವ್ಯವಸ್ಥೆ ಕಾರುಗಳಲ್ಲಿ ಸಾಮಾನ್ಯವಾದದ್ದೂ ಇದಾದ ಮೇಲೇ. ಇಷ್ಟಕ್ಕೂ ಮೊದಲಲ್ಲಿ ಇದ್ದದ್ದು ಒಂದು ರಬ್ಬರ್ ತುಂಡು, ಸಿಗಿಸದ ಒಂದು ಕ್ಲಿಪ್ಪು.

ಹಾಗಾದ್ರೆ ಇಲ್ಲಿ ಏನು ಹಾಕ್ಸೋದು?

ಬ್ರ್ಯಾಂಡ್ ಹೇಳಲ್ಲ. ಈ ಇತಿಹಾಸದಿಂದ ನಾನು ತೆಗೆದುಕೊಂಡ ಕ್ರಮ ಹೇಳ್ತೀನಿ. ಮೊದಲು ನೋಡಬೇಕಾದ್ದು ಮೂರನೇ ಕೆಲಸ, ಆಮೇಲೆ ವಸ್ತು, ಬಣ್ಣ ಕೊನೆಗೆ.

ಮ್ಯಾಟ್ ನಿಮ್ಮ ಕಾರಿನ ಮಾಡೆಲ್ಲಿಗೆ, ಅದೇ ವರ್ಷದ ಆವೃತ್ತಿಗೆ ಮಾಡಿದ್ದಿರಬೇಕು. ಚಾಲಕನ ಕಡೆ ನೆಲದಲ್ಲಿ ಕೊಕ್ಕೆ ಇದ್ದರೆ ಮ್ಯಾಟಿನ ತೂತು ಅದಕ್ಕೆ ಸರಿಯಾಗಿ ಕೂರಬೇಕು. ಹಳೇ ಮ್ಯಾಟಿನ ಮೇಲೆ ಹೊಸದನ್ನ ಹಾಸಬೇಡಿ. “ಕೆಳಗಡೆ ಕಾರ್ಪೆಟ್ ಇರ್ಲಿ, ಮೇಲೆ ರಬ್ಬರ್ ಹಾಕೋಣ” ಅನ್ನೋ ನಮ್ಮ ಜಾಣತನವೇ ಅಪಾಯ. ಹಾಕಿದ ಮೇಲೆ ಎಂಜಿನ್ ಬಂದ್ ಇಟ್ಟು ಹಿಮ್ಮಡಿಯಿಂದ ಮ್ಯಾಟನ್ನ ಮುಂದಕ್ಕೆ ತಳ್ಳಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಬಿಡಿ. ಎಲ್ಲೂ ತಾಗದೇ ಮೇಲೆ ಬರಬೇಕು. ಕಾರು ತೊಳೆಸಿಕೊಂಡು ಬಂದಾಗಲೆಲ್ಲ ಕೊಕ್ಕೆ ಮತ್ತೆ ನೋಡಿ, ತೊಳೆಯೋ ಹುಡುಗರು ಸುಮ್ಮನೆ ಹಾಸಿ ಕಳಿಸಿರ್ತಾರೆ.

ಆಮೇಲೆ ವಸ್ತು. ನಮ್ಮ ಮಳೆಗೆ ಅಂಚು ಎತ್ತರ ಇರೋ ರಬ್ಬರ್ ಅಥವಾ ಟಿಪಿಇ ಮ್ಯಾಟ್ ಚೆನ್ನ. ಕೊಡೆಯಿಂದ ಸುರಿದ ನೀರು ತಟ್ಟೆಯಲ್ಲಿ ನಿಂತಂತೆ ನಿಲ್ಲತ್ತೆ, ಎತ್ತಿ ಚೆಲ್ಲಬಹುದು. ಅಗ್ಗದ ಪಿವಿಸಿ ಮ್ಯಾಟ್ ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ವಾಸನೆ ಬಿಡತ್ತೆ, ದಿನ ಕಳೆದಂತೆ ಬಿರುಸಾಗತ್ತೆ. ಬಿರುಸಾದ ಅಂಚು ಮೇಲಕ್ಕೆ ಸುರುಳಿ ಬಂದ್ರೆ ಅದನ್ನ ಇಟ್ಟುಕೊಳ್ಳಬೇಡಿ. ನೂಡಲ್ ಮ್ಯಾಟ್ ಮರಳನ್ನ ಚೆನ್ನಾಗಿ ಹಿಡಿಯತ್ತೆ, ನೀರನ್ನೂ ಹಿಡಿದು ಹಾಗೇ ಇಟ್ಟುಕೊಳ್ಳತ್ತೆ. ಅಂಗಡಿಯವರು ಒತ್ತಾಯ ಮಾಡೋ 7ಡಿ ಲೆದರೆಟ್ ಮ್ಯಾಟ್ ಇಡೀ ನೆಲ ಮುಚ್ಚತ್ತೆ, ನೋಡೋಕೆ ಚಂದ. ಬಿಚ್ಚೋದು ಕಷ್ಟ ಅನ್ನೋದೇ ಇಲ್ಲಿ ತೊಂದರೆ. ಎಸಿ ನೀರು ಹೊರಹೋಗೋ ಪೈಪು ಕಟ್ಟಿಕೊಂಡ್ರೆ ನೀರು ಎಡಗಡೆ ಸೀಟಿನವರ ಕಾಲಬುಡದ ಕಾರ್ಪೆಟ್ಟಿಗೆ ಇಳಿಯತ್ತೆ. ಮೇಲಿನ ಮ್ಯಾಟ್ ಒಣಗಿಯೇ ಇರತ್ತೆ, ಕೆಳಗೆ ತಿಂಗಳುಗಟ್ಟಲೆ ಬೂಷ್ಟು, ತುಕ್ಕು. ಸೀಟಿನ ಕೆಳಗೆ ಏರ್‌ಬ್ಯಾಗ್ ಕನೆಕ್ಟರುಗಳಿವೆ ಅನ್ನೋದು ನೆನಪಿರಲಿ. ಹದಿನೈದು ದಿನಕ್ಕೊಮ್ಮೆ ಮ್ಯಾಟ್ ಎತ್ತಿ ಕಾರ್ಪೆಟ್ಟಿನ ಮೇಲೆ ಅಂಗೈ ಒತ್ತಿ ನೋಡಿ. ಎತ್ತೋಕಾಗದ ಮ್ಯಾಟ್ ಈ ಊರಿಗೆ ಬೇಡ.

2018ರ ಆಗಸ್ಟಿನಂಥ ಪ್ರವಾಹ ಬಂದ್ರೆ ಯಾವ ಮ್ಯಾಟೂ ಉಳಿಸಲ್ಲ. ಬಾಗಿಲ ಹೊಸ್ತಿಲ ಮಟ್ಟ ನೀರು ನಿಂತಿದ್ದರೆ ಸ್ಟಾರ್ಟ್ ಮಾಡಬೇಡಿ, ಟೋ ಮಾಡಿಸಿ. ನಾರಿನ ಮ್ಯಾಟ್ ಬೇಕೇ ಅಂದ್ರೆ ಹಿಂದೆ ರಬ್ಬರ್ ಅಥವಾ ಪಿವಿಸಿ ಅಂಟಿಸಿದ ನಾರಿನ ಕಾಲೊರಸು ಆಲಪ್ಪುಳದಿಂದ ತನ್ನಿ. ಮನೆಬಾಗಿಲಿಗೆ ಅದಕ್ಕಿಂತ ಒಳ್ಳೇದಿಲ್ಲ. ಚಾಲಕನ ಕಾಲಬುಡಕ್ಕೆ, ನಿಮ್ಮ ಕಾರಿನ ಅಳತೆಗೆ ಕತ್ತರಿಸಿ ಕೊಕ್ಕೆಗೆ ಸಿಗಿಸೋ ಹಾಗಿಲ್ಲದಿದ್ದರೆ ಬೇಡ.

ಕೊನೆಯದಾಗಿ, ಪೆಡಲ್ ಸಿಕ್ಕಿಕೊಂಡೇಬಿಟ್ಟರೆ: ಬಗ್ಗಿ ಮ್ಯಾಟ್ ಎಳೆಯೋಕೆ ಹೋಗಬೇಡಿ. ಬ್ರೇಕನ್ನ ಗಟ್ಟಿಯಾಗಿ ಒತ್ತಿ ಹಿಡೀರಿ, ಪದೇ ಪದೇ ಬಿಟ್ಟು ಒತ್ತಬೇಡಿ. ಬಿಟ್ಟು ಬಿಟ್ಟು ಒತ್ತಿದ್ರೆ ಬ್ರೇಕಿಗೆ ಸಹಾಯ ಮಾಡೋ ನಿರ್ವಾತ ಖಾಲಿಯಾಗತ್ತೆ. ಗೇರನ್ನ ನ್ಯೂಟ್ರಲ್‌ಗೆ ತನ್ನಿ, ಎಂಜಿನ್ ಎಷ್ಟೇ ಕೂಗಲಿ. ಬದಿಗೆ ನಿಲ್ಲಿಸಿದ ಮೇಲೆ ಆಫ್ ಮಾಡಿ. ಬಟನ್ ಸ್ಟಾರ್ಟ್ ಇರೋ ಎಷ್ಟೋ ಕಾರುಗಳು ಓಡುವಾಗ ಒಂದೇ ಒತ್ತಿಗೆ ಆಫ್ ಆಗಲ್ಲ, ಕೆಲವು ಸೆಕೆಂಡ್ ಒತ್ತಿ ಹಿಡಿದಿರಬೇಕು. ನಿಮ್ಮ ಕಾರಿನಲ್ಲಿ ಎಷ್ಟು ಹೊತ್ತು ಅಂತ ಮ್ಯಾನುಯಲ್‌ನಲ್ಲಿ ಇವತ್ತೇ ನೋಡಿ. ಸ್ಯಾನ್ ಡಿಯೇಗೊದ ಆ ಕಾರೂ ಬಟನ್ ಸ್ಟಾರ್ಟಿನದೇ, ಅದಕ್ಕೆ ಮೂರು ಸೆಕೆಂಡ್ ಬೇಕಿತ್ತು. ಮನೆಯಲ್ಲಿ ಕಾರು ಓಡಿಸೋ ಎಲ್ಲರಿಗೂ ಇದನ್ನ ಹೇಳಿಕೊಡಿ, ಊರಿಂದ ಬಂದು ನಿಮ್ಮ ಕಾರು ಓಡಿಸೋ ಅಪ್ಪ, ಭಾವ, ತಮ್ಮನಿಗೂ.

ಮುಂದಿನ ಸಲ ಮಟ್ಟಾಂಚೇರಿಯ ಕನ್ನಡ, ಕೊಂಕಣಿ ಅಂಗಡಿ ಬೀದಿಗಳ ಕಥೆ ಮಾತಾಡೋಣ. ಮಳೆ ಜೋರಿದೆ, ನಿಧಾನ ಓಡಿಸಿ.